ಗಾಡಿಯ ಅಡಿಮೈಯ ತುಕ್ಕು ಬಿಡಿಸಿದ್ದು

ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಆಯುಸ್ಸು. ಅದು ಮುಗಿಯುವ ಹೊತ್ತಿಗೆ ಗಾಡಿಯನ್ನು ಸಾರಿಗೆ ಇಲಾಖೆಯವರ ಎದುರು ನಿಲ್ಲಿಸಿ, ರಸ್ತೆಗೆ ಯೋಗ್ಯವೆಂದು ಅವರು ಒಪ್ಪಿದರೆ ಮತ್ತೆ 5 ವರ್ಷ ಸಿಗುತ್ತದೆ. ಕಾಸರಗೋಡಿನ ಕಡೆ ನಾವೆಲ್ಲ ಇದನ್ನು ರೀಟೆಸ್ಟ್ ಎನ್ನುತ್ತೇವೆ. ನನ್ನ ಕೆಎಲ್ 14 ನಂಬರಿನ ಡೀಸೆಲ್ ಗಾಡಿ ಆ ಗಡುವಿನ ಹತ್ತಿರ ಬಂದಿತ್ತು. ಚಾಸಿಯ, ಎಂದರೆ ಕಬ್ಬಿಣದ ಅಡಿಚೌಕಟ್ಟಿನ ಮೇಲೆ ಬಾಡಿ ಕೂರಿಸಿದ ಹಳೆಯ ಮಾದರಿಯ ಗಾಡಿ ಅದು. ಮೊದಲ ಯಜಮಾನರು ಕಡಲ ಕರೆಯವರು, ಅವರಿಂದ ನನ್ನ ಕೈಗೆ ಬಂದ ಮೇಲೆ ವಾರದ ಐದು ದಿನ ಕುಂಬಳೆಯಲ್ಲೂ ಎರಡು ದಿನ ಪೆರ್ಲದ ಕಡೆಯ ತೋಟದಲ್ಲೂ ಇರುತ್ತದೆ. ಮೇಲಿನ ಬಣ್ಣ ಇವತ್ತಿಗೂ ಚೆನ್ನಾಗಿದೆ. ಬಾನೆಟ್ಟು, ಟಾಪು, ಬಾಗಿಲುಗಳಲ್ಲಿ ಒಂದು ಚುಕ್ಕೆ ತುಕ್ಕಿಲ್ಲ. ರೀಟೆಸ್ಟಿಗೆ ಮೊದಲು ಒಮ್ಮೆ ಅಡಿಭಾಗ ನೋಡಿಸಿಬಿಡೋಣವೆಂದು ಬೇಸಿಗೆಯ ನಡುವೆ ಕುಂಬಳೆ–ಬದಿಯಡ್ಕ ರಸ್ತೆಯ ಪಕ್ಕದ ಒಂದು ಗ್ಯಾರೇಜಿಗೆ ಒಯ್ದೆ.

ಲಿಫ್ಟಿನ ಮೇಲೆ ಗಾಡಿ ಏರಿದಾಗ ಮೊದಲು ಕಂಡದ್ದು ಅಚ್ಚ ಕಪ್ಪು. ಹಿಂದಿನ ಯಜಮಾನರು ಯಾವಾಗಲೋ ದಪ್ಪನೆಯ ರಬ್ಬರು ಕೋಟಿಂಗ್ ಹಾಕಿಸಿದ್ದರು. ನೋಡುವುದಕ್ಕೆ ಏನೂ ದೋಷವಿಲ್ಲ. ಅಲ್ಲಿ ಟಿಂಕರ್ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಇಚ್ಚ ಎಂದೇ ಕರೆಯುತ್ತಾರೆ. ಅವರು ಸಣ್ಣ ಸುತ್ತಿಗೆಯೊಂದನ್ನು ತೆಗೆದುಕೊಂಡು ಚಾಸಿಯ ಉದ್ದಕ್ಕೂ ಕುಟ್ಟುತ್ತ ಹೋದರು. ಮುಂದಿನ ಭಾಗದಲ್ಲಿ ಕಬ್ಬಿಣದ ಖಣಖಣ ಸದ್ದು. ಹಿಂದಿನ ಚಕ್ರದ ಮೇಲ್ಗಡೆ, ಬಾಡಿ ಚಾಸಿಗೆ ಕೂರುವ ಬ್ರಾಕೆಟ್ಟಿನ ಹತ್ತಿರ ಬಂದಾಗ ಸದ್ದು ಸತ್ತೇ ಹೋಯಿತು. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದರು. ಕಪ್ಪು ಪದರ ಹಪ್ಪಳದಂತೆ ಎದ್ದು ಬಂತು, ಅದರ ಹಿಂದೆಯೇ ಒಂದು ಹಿಡಿಯಷ್ಟು ಕೆಂಪು ಚಕ್ಕೆ ನೆಲಕ್ಕೆ ಬಿತ್ತು.

“ಮಾಷ್ಟ್ರೇ, ಇದು ಮಣ್ಣಲ್ಲ, ನಿಮ್ಮ ಗಾಡಿಯೇ,” ಎಂದರು ಇಚ್ಚ.

ಆ ಮಾತಿನಲ್ಲಿ ತಮಾಷೆಗಿಂತ ಹೆಚ್ಚಿನದಿತ್ತು. ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಸೀಮೆಯಲ್ಲಿ ಗಾಡಿಯ ಅಡಿಭಾಗದಲ್ಲಿ ತುಕ್ಕನ್ನು ಕಣ್ಣಿನಿಂದ ಗುರುತಿಸುವುದೇ ಕಷ್ಟ. ನಮ್ಮ ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡಿನದ್ದೇ, ತುಕ್ಕಿನ ಕೆಂಪೂ ಅದರದ್ದೇ. ಬಣ್ಣದಲ್ಲೂ ರಸಾಯನದಲ್ಲೂ ಅವು ದಾಯಾದಿಗಳು. ಕುಟ್ಟಿ ನೋಡಬೇಕು, ಚುಚ್ಚಿ ನೋಡಬೇಕು. ಬರೀ ನೋಡಿದರೆ ಸಾಲದು.

ನಾನು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಕಬ್ಬಿಣ ಇಷ್ಟು ಬೇಗ ತುಕ್ಕು ಹಿಡಿಯಬೇಕಾದರೆ ಉಪ್ಪು ತಾಗಿರಬೇಕು; ಹಾಗಾಗಿ ರಿಪೇರಿಗಿಂತ ಮೊದಲು, ಆ ಉಪ್ಪು ಎಲ್ಲಿಂದ ಬಂತೆಂದು ತಿಳಿಯುವ ಚಪಲ ಹತ್ತಿತು. ಗಾಡಿಯ ಅಡಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಬಗ್ಗೆ ಮೊಬೈಲಿನಲ್ಲಿ ಸಿಗುವ ವಿಡಿಯೋಗಳಲ್ಲಿ ಹೆಚ್ಚಿನವು ಕೆನಡಾ, ಅಮೆರಿಕದಂತಹ ಚಳಿ ದೇಶಗಳವು. ಅಲ್ಲಿ ರಸ್ತೆಯ ಮೇಲಿನ ಹಿಮ ಕರಗಿಸಲು ಉಪ್ಪನ್ನೇ ಎರಚುತ್ತಾರೆ; ಕೆಲವೆಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡಿನ ದ್ರಾವಣವನ್ನೂ ಸಿಂಪಡಿಸುತ್ತಾರೆ. ಅವರಿಗೆ ಉಪ್ಪಿನ ಕಾಲವೆಂದರೆ ಚಳಿಗಾಲ. ಅದು ಮುಗಿದ ಮೇಲೆ ಒಮ್ಮೆ ಚೆನ್ನಾಗಿ ತೊಳೆಸಿದರೆ ಆ ವರ್ಷದ ಲೆಕ್ಕ ಹೆಚ್ಚು ಕಡಿಮೆ ಚುಕ್ತಾ. ನಮ್ಮದು ಹಾಗಲ್ಲ. ಕುಂಬಳೆ ಪೇಟೆಗೂ ಕಡಲಿಗೂ ದೂರವಿಲ್ಲ, ಉಪ್ಪುಗಾಳಿ ವರ್ಷವಿಡೀ ಬೀಸುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನು ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆಲ್ಲ ಗೊತ್ತಿದೆ, ಆ ಪೆಟ್ಟಿಗೆಗಳಿಂದ ಸೋರುವ ನೀರು ರಸ್ತೆಯಲ್ಲಿ ಗೆರೆ ಎಳೆಯುತ್ತ ಹೋಗುತ್ತದೆ. ನಮ್ಮ ಚಕ್ರ ಅದನ್ನು ನೇರವಾಗಿ ಮಡ್‌ಗಾರ್ಡಿನ ಒಳಮೈಗೆ ಎರಚುತ್ತದೆ.

ಇಷ್ಟು ಮಳೆ ಸುರಿಯುವ ಊರಿನಲ್ಲಿ ಉಪ್ಪು ತೊಳೆದು ಹೋಗಬೇಡವೇ ಎಂದು ಕೇಳಬಹುದು. ಬಾನೆಟ್ಟಿನ ಮೇಲಿನದು ಹೋಗುತ್ತದೆ. ಆಕಾಶಕ್ಕೆ ತೆರೆದುಕೊಂಡ ತಗಡನ್ನು ಮಳೆಯೇ ತೊಳೆಯುತ್ತದೆ. ಮಳೆ ತಾಗದ, ಆದರೆ ತೇವ ತಾಗುವ ಅಡಿಭಾಗದಲ್ಲಿ ಉಪ್ಪು ಸಂಗ್ರಹವಾಗುತ್ತ ಹೋಗುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ತಾನಾಗಿ ನೀರಾಡುತ್ತದೆ. ಕಡಲಿನ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅಷ್ಟೂ ಬೇಡ, 33 ಶೇಕಡಾದ ಆಸುಪಾಸಿನಲ್ಲೇ ಅದು ತೇವ ಎಳೆದುಕೊಳ್ಳುತ್ತದೆ. ಎಂದರೆ ಕರಾವಳಿಯಲ್ಲಿ ಉಪ್ಪು ಕುಳಿತ ಕಬ್ಬಿಣ ನಿಜವಾಗಿ ಒಣಗುವ ದಿನಗಳು ಬಲು ಕಡಿಮೆ. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಹೊರಮೈ ಸುಡುತ್ತಿರುವಾಗಲೂ ಅದರ ಚಾಸಿಯ ಸಂದಿಯಲ್ಲಿ ತೆಳುವಾದ ಉಪ್ಪುನೀರಿನ ಪೊರೆಯೊಂದು ಕೆಲಸ ಮಾಡುತ್ತಲೇ ಇರಬಹುದು.

ಇದಿಷ್ಟು ಎಲ್ಲರಿಗೂ ಗೊತ್ತಿರುವ ಉಪ್ಪು. ನನ್ನ ಸಂಶಯವಿದ್ದದ್ದು ಗಾಡಿಯ ಹಿಂಭಾಗದ ಮೇಲೆ. ಹಿಂದಿನ ಸೀಟು ಮಡಚಿದರೆ ತೋಟಕ್ಕೆ ಬೇಕಾದದ್ದೆಲ್ಲ ಅಲ್ಲೇ ಹೋಗುವುದು: ಗೊಬ್ಬರದ ಚೀಲ, ಸುಣ್ಣ, ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಮದ್ದು ಬಿಡುವಾಗ ಮೈಲುತುತ್ತು, ಎಂದರೆ ತಾಮ್ರದ ಸಲ್ಫೇಟು. ತೋಟದವರು ಪೊಟ್ಯಾಷ್ ಎಂದು ತರುವುದು ಪೊಟ್ಯಾಸಿಯಂ ಕ್ಲೋರೈಡನ್ನು. ಕಬ್ಬಿಣದ ಮಟ್ಟಿಗೆ ಅದೂ ಕಡಲಿನ ಉಪ್ಪೂ ಒಂದೇ, ಎರಡರಲ್ಲೂ ಕೇಡು ಮಾಡುವುದು ಕ್ಲೋರೈಡು. ಮೈಲುತುತ್ತಿನದು ಬೇರೆಯೇ ಬಗೆಯ ಹಗೆತನ. ಅದಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ನಾವು ಅದರಲ್ಲಿ ಹೊಳೆಯುವ ಚೂರಿಯನ್ನು ಅದ್ದುವುದಿಲ್ಲವೇ? ಸುಣ್ಣ ಸಾಲದಿದ್ದರೆ ಚೂರಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಹಾಗೆ ಕೂತ ಪ್ರತಿ ಕಣ ತಾಮ್ರಕ್ಕೂ ಅಷ್ಟಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಜೊತೆಗೆ, ಕೂತ ತಾಮ್ರವು ಸುತ್ತಲಿನ ಕಬ್ಬಿಣದೊಂದಿಗೆ ಬ್ಯಾಟರಿಯಂತೆ ವರ್ತಿಸಿ ತುಕ್ಕಿನ ವೇಗವನ್ನು ಹೆಚ್ಚಿಸುತ್ತದೆ. ಮೈಲುತುತ್ತನ್ನು ಕಬ್ಬಿಣದ ಬಾಲ್ದಿಯಲ್ಲಿ ಕಲಸಬಾರದೆಂದು ತೋಟದಲ್ಲಿ ಮಕ್ಕಳಿಗೂ ಗೊತ್ತು. ಅದೇ ಮೈಲುತುತ್ತಿನ ಚೀಲವನ್ನು ಕಬ್ಬಿಣದ ಗಾಡಿಯಲ್ಲಿ ಹೇರುವಾಗ ಯಾರೂ ಎರಡು ಸಲ ಯೋಚಿಸುವುದಿಲ್ಲ.

ಹಿಂದಿನ ನೆಲಹಾಸಿನ ರಬ್ಬರು ಎತ್ತಿ, ಮೂಲೆಯಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ಕೆರೆದು ಮನೆಗೆ ತಂದು ಪರೀಕ್ಷಿಸಿದೆ. ದುರ್ಬಲ ಆಮ್ಲದಲ್ಲಿ ಕರಗಿಸಿ, ಅಮೋನಿಯಾ ಹೆಚ್ಚಾಗಿಯೇ ಸೇರಿಸಿದಾಗ ಕಬ್ಬಿಣದ ಅಂಶವೆಲ್ಲ ಕಂದು ಗಸಿಯಾಗಿ ಕೆಳಗಿಳಿಯಿತು. ಸೋಸಿದ ನೀರು ಮಾತ್ರ ಗಾಢ ನೀಲಿ. ತಾಮ್ರವಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮರುದಿನ ಆ ಬಾಟಲಿಯನ್ನು ಗ್ಯಾರೇಜಿಗೆ ಒಯ್ದು ತೋರಿಸಿದೆ. ಇಚ್ಚ ಅದನ್ನು ಬೆಳಕಿಗೆ ಹಿಡಿದು ನೋಡಿ, ತೋಟದವರ ಗಾಡಿಗಳೆಲ್ಲ ಹಿಂದಿನಿಂದಲೇ ಯಾಕೆ ಕೊಳೆಯುತ್ತವೆಂದು ಈಗ ತಿಳಿಯಿತು ಎಂದರು.

ಏನು ಮಾಡಬೇಕೆಂಬ ವಿಷಯದಲ್ಲಿ ಗ್ಯಾರೇಜಿನಲ್ಲಿ ನೆರೆದವರದ್ದು ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಲಾರಿ ಓಡಿಸಿ ಅಭ್ಯಾಸವಿದ್ದವರೊಬ್ಬರು, ಸುಟ್ಟ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಸ್ಪ್ರೇ ಮಾಡಿಸಿದರೆ ಸಾಕೆಂದರು. ಹಿಂದೆ ಸರ್ವಿಸ್ ಸ್ಟೇಷನ್ನುಗಳಲ್ಲಿ ಇದು ರೂಢಿಯೇ ಆಗಿತ್ತು, ಒಂದಿಷ್ಟು ಕಾಲ ತುಕ್ಕನ್ನು ತಡೆಯುವುದೂ ನಿಜ. ಆದರೆ ಸುಟ್ಟ ಆಯಿಲ್‌ನಲ್ಲಿ ಆಮ್ಲದ ಅಂಶವಿರುತ್ತದೆ, ಅದು ಬುಷ್ಷುಗಳ ರಬ್ಬರನ್ನು ಉಬ್ಬಿಸುತ್ತದೆ, ಮೊದಲ ಮಳೆಗೆ ತೊಟ್ಟಿಕ್ಕಿ ನಮ್ಮದೇ ಅಂಗಳದಿಂದ ಬಾವಿಯ ಕಡೆಗೆ ಹರಿಯುತ್ತದೆ. ನನಗೆ ಒಪ್ಪಿಗೆಯಾಗಲಿಲ್ಲ. ಇನ್ನೊಂದು ಕಡೆ ವಿಚಾರಿಸಿದಾಗ ಬೆಳಗ್ಗೆ ಬಿಟ್ಟರೆ ಸಂಜೆಗೆ ದಪ್ಪ ರಬ್ಬರು ಕೋಟಿಂಗ್ ಮಾಡಿ ವರ್ಷಗಟ್ಟಲೆಯ ಗ್ಯಾರಂಟಿ ಕಾರ್ಡು ಕೊಡುತ್ತೇವೆಂದರು. ಬೆಳಗ್ಗೆ ತೊಳೆದ ಗಾಡಿಯ ಸಂದುಗೊಂದು ಮಧ್ಯಾಹ್ನಕ್ಕೆ ಒಣಗುವುದಾದರೂ ಹೇಗೆ? ನನ್ನ ಗಾಡಿಯಲ್ಲಿ ಆಗಿದ್ದದ್ದೂ ಅದೇ: ಉಪ್ಪು, ತೇವ ಎರಡನ್ನೂ ಒಳಗಿಟ್ಟು ಮೇಲಿನಿಂದ ಮುಚ್ಚಿದ್ದರು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಬೆಳೆದಂತೆ ಕೋಟಿಂಗನ್ನು ಎತ್ತುತ್ತದೆ, ಎದ್ದ ಕಡೆ ಮತ್ತೆ ನೀರು ನುಗ್ಗುತ್ತದೆ. ಹೊರಗಿನಿಂದ ನೋಡುವವರಿಗೆ ಮಾತ್ರ ಎಲ್ಲವೂ ಕಪ್ಪಗೆ ಚೆನ್ನಾಗಿ ಕಾಣುತ್ತಿರುತ್ತದೆ. ಈ ಕೆಲಸದಲ್ಲಿ ಬಳಿಯುವುದು ಕೊನೆಯ ಮಾತು. ಉಪ್ಪು ಹೊರಗೆ ಹೋಗುವುದೇ ಮುಖ್ಯ ಎಂಬ ನನ್ನ ವಾದವನ್ನು ಇಚ್ಚ ಒಪ್ಪಿದರು, ಹಾಗಾದರೆ ತೊಳೆಯುವ ಕೆಲಸ ನೀವೇ ಮಾಡಿಕೊಂಡು ಬನ್ನಿ ಎಂದೂ ಸೇರಿಸಿದರು.

ತೊಳೆಯುವುದಕ್ಕೆ ಗಾಡಿಯನ್ನು ತೋಟಕ್ಕೆ ಒಯ್ದದ್ದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ಹೊಳೆಗಳ ಹರಿವು ತಗ್ಗಿದಾಗ ಕರಾವಳಿಯ ಎಷ್ಟೋ ಬಾವಿಗಳಿಗೆ, ಬೋರ್‌ವೆಲ್‌ಗಳಿಗೆ ಉಪ್ಪುನೀರು ಏರುತ್ತದೆ. ಪೇಟೆಗೆ ನೀರೊದಗಿಸುವ ಬಾವಿಕ್ಕೆರೆಯ ಹೊಳೆಗೆ ಶಾಶ್ವತ ಅಣೆಕಟ್ಟು ಬರುವ ಮೊದಲು ಕಾಸರಗೋಡು ಪೇಟೆಯ ನಲ್ಲಿಯಲ್ಲೇ ಬೇಸಿಗೆಯಲ್ಲಿ ಉಪ್ಪುನೀರು ಬರುತ್ತಿದ್ದುದನ್ನು ಜನ ಮರೆತಿಲ್ಲ. ಅಂಥ ನೀರಿನಲ್ಲಿ ಗಾಡಿ ತೊಳೆಸಿದರೆ ಉಪ್ಪು ತೆಗೆದಂತಾಗುವುದಿಲ್ಲ, ಹಂಚಿದಂತಾಗುತ್ತದೆ. ತೋಟದಲ್ಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಬರುವ ಸಿಹಿನೀರಿದೆ. ಮದ್ದು ಬಿಡುವ ಪಂಪಿನಲ್ಲೇ ತೊಳೆಯಬಹುದಲ್ಲ ಎಂದ ತಮ್ಮನಿಗೆ ಬೇಡವೆಂದು ಹೇಳಿ (ಅದರ ಪೈಪಿನಲ್ಲೂ ಮೈಲುತುತ್ತೇ), ತೊಳೆಯುವ ಪ್ರೆಷರ್ ಪಂಪೊಂದನ್ನು ಬಾಡಿಗೆಗೆ ತಂದೆವು.

ಗಾಡಿಯ ಎರಡು ಚಕ್ರಗಳನ್ನು ಕಲ್ಲಿನ ಕಟ್ಟೆಗೆ ಏರಿಸಿ, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು ಅಡಿಗೆ ನೀರು ಹೊಡೆದೆವು. ಜಾಕಿ ಒಂದನ್ನೇ ನಂಬಿ ಗಾಡಿಯ ಕೆಳಗೆ ಮಲಗಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮೊದಲು ಹರಿದ ನೀರನ್ನು ಒಂದು ಗ್ಲಾಸಿನಲ್ಲಿ ಹಿಡಿದು ಸೋಸಿ, ಎರಡು ತೊಟ್ಟು ನೈಟ್ರಿಕ್ ಆಮ್ಲ ಹಾಕಿ, ಸಿಲ್ವರ್ ನೈಟ್ರೇಟ್ ಬಿಟ್ಟೆ. ಮೊಸರಿನ ಗಡ್ಡೆಗಳಂತಹ ಬಿಳಿ ಗಸಿ ಥಟ್ಟನೆ ಮೂಡಿತು. ಅದು ಸಿಲ್ವರ್ ಕ್ಲೋರೈಡ್. ಸುರಂಗದ ನೀರಿಗೇ ನೇರವಾಗಿ ಬಿಟ್ಟು ನೋಡಿದಾಗ ಬರೀ ಮಸುಕು. ಈ ಎರಡರ ನಡುವಿನ ವ್ಯತ್ಯಾಸ ಕರಗುವವರೆಗೆ ತೊಳೆಯುವುದೆಂದು ನಿಶ್ಚಯಿಸಿದೆ. ಹೊರಮೈಯ ನೀರು ಬೇಗ ತಿಳಿಯಾಯಿತು. ಆದರೆ ಚಾಸಿಯ ಪೆಟ್ಟಿಗೆಯಂತಹ ಟೊಳ್ಳಿನೊಳಕ್ಕೆ ಪೈಪು ತೂರಿಸಿ ನೀರು ಬಿಟ್ಟಾಗ, ಮತ್ತೆ ಅದೇ ಬಿಳಿ ಗಸಿ.

ಆ ಟೊಳ್ಳಿನಿಂದ ನೀರು ಇಳಿಯಲಿಕ್ಕೆ ಕಂಪೆನಿಯವರೇ ತೂತುಗಳನ್ನು ಬಿಟ್ಟಿರುತ್ತಾರೆ. ಬಾಗಿಲುಗಳ ಅಡಿಯಲ್ಲಿ, ಫುಟ್‌ಬೋರ್ಡಿನ ಒಳಗಿನ ಪಟ್ಟಿಯಲ್ಲಿ, ಚಾಸಿಯ ತಗ್ಗುಗಳಲ್ಲಿ ಇವು ಇವೆ. ನನ್ನ ಗಾಡಿಯಲ್ಲಿ ಹಳೆಯ ಕೋಟಿಂಗಿನವರು ಹೆಚ್ಚಿನ ತೂತುಗಳ ಮೇಲೆಯೇ ಬಳಿದಿದ್ದರು. ಬಿಟ್ಟುಹೋದವನ್ನು ಮಣ್ಣು ಮುಚ್ಚಿತ್ತು. ಛತ್ರಿಯ ಕಡ್ಡಿಯನ್ನು ತುದಿ ಬಾಗಿಸಿ ಒಂದೊಂದೇ ತೂತನ್ನು ಬಿಡಿಸಿದೆ. ಎಡಗಡೆಯ ಹಿಂಬದಿಯ ತೂತಿನಿಂದ ಮೊದಲು ಅಡಿಕೆ ಸಿಪ್ಪೆಯ ನಾರು, ಆಮೇಲೆ ಅಂಟಂಟಾದ ಕೆಂಪು ಕೆಸರು, ಅದರ ಹಿಂದೆ ಕಪ್ಪಗಿನ ನೀರು ಇಳಿಯಿತು. ಮಳೆ ನಿಂತು ತಿಂಗಳುಗಳಾಗಿದ್ದವು. ಒಳಗೆ ಇನ್ನೂ ನೀರಿತ್ತು. ಕೆಸರಿನಡಿಯ ಕಬ್ಬಿಣಕ್ಕೆ ಗಾಳಿ ಸಿಗುವುದಿಲ್ಲ, ಪಕ್ಕದ ಬರಿಯ ಕಬ್ಬಿಣಕ್ಕೆ ಸಿಗುತ್ತದೆ. ಈ ಅಂತರದಿಂದಲೇ ಗಾಳಿಯಿಲ್ಲದ ಜಾಗ ಕರಗಿ ಗುಳಿ ಬೀಳುತ್ತದೆ. ತಗಡು ಒಂದೇ ಸಮನೆ ಸವೆಯದೆ ಅಲ್ಲಲ್ಲಿ ತೂತಾಗುವುದರ ಗುಟ್ಟು ಇದು. ತೊಳೆಯುವುದನ್ನು ಮುಗಿಸಿ, ಎಲ್ಲ ತೂತುಗಳನ್ನು ತೆರೆದಿಟ್ಟು, ಗಾಡಿಯನ್ನು ಅಡಿಕೆ ಒಣಗಿಸುವ ಅಂಗಳದ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಿದೆವು. ಮನೆಯವರಿಗೆ ಅದರಿಂದ ಆದ ಅನನುಕೂಲದ ಬಗ್ಗೆ ಇಲ್ಲಿ ಬರೆಯುವುದು ಬೇಡ.

ಗ್ಯಾರೇಜಿನ ಕೆಲಸ ಗಲಾಟೆಯದು, ವಿವರಿಸಲು ಹೆಚ್ಚಿಲ್ಲ. ಹಳೆಯ ಕಪ್ಪು ಪದರವನ್ನು ಬಿಸಿಗಾಳಿಯ ಗನ್ನಿನಿಂದ ಮೆತ್ತಗೆ ಮಾಡಿ ಕೆರೆದು ತೆಗೆದರು. ಗಟ್ಟಿಯಾಗಿ ಹಿಡಿದುಕೊಂಡಿದ್ದ ಕಡೆ ಹಾಗೆಯೇ ಬಿಟ್ಟರು. ಗ್ರೈಂಡರಿಗೆ ತಂತಿಯ ಬ್ರಷ್ ಹಾಕಿ ಉಜ್ಜಿದಾಗ ಚಾಸಿಯ ಮುಖ್ಯ ಪಟ್ಟಿಗಳು ಗಟ್ಟಿಯಾಗಿಯೇ ಉಳಿದಿದ್ದವು, ಅದೊಂದು ಸಮಾಧಾನ. ಕೊಳೆತಿದ್ದದ್ದು ಹಿಂದಿನ ಬ್ರಾಕೆಟ್ಟು, ಅದಕ್ಕೆ ತಾಗಿದ ನೆಲದ ತಗಡು. ಅಷ್ಟನ್ನು ಕತ್ತರಿಸಿ ತೆಗೆದು, ಡೀಸೆಲ್ ಟ್ಯಾಂಕನ್ನು ಇಳಿಸಿ, ಬ್ಯಾಟರಿಯ ಸಂಪರ್ಕ ಬಿಡಿಸಿ ಹೊಸ ತಗಡನ್ನು ವೆಲ್ಡಿಂಗ್ ಮಾಡಿದರು. ತೂತಿನ ಮೇಲೆ ತಗಡಿನ ತುಂಡೊಂದನ್ನು ಹೊದಿಸಿ ಬಿಡುವವರಿದ್ದಾರೆ; ಹಾಗೆ ಮಾಡಿದರೆ ಎರಡು ತಗಡುಗಳ ನಡುವೆ ಮತ್ತೊಂದು ಸಂದಿ ಹುಟ್ಟುತ್ತದೆ. ಇಚ್ಚ ಕೊಳೆತದ್ದನ್ನು ಗಟ್ಟಿ ಕಬ್ಬಿಣ ಸಿಗುವವರೆಗೂ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿದರು. ಕೂಲಿ ಜಾಸ್ತಿ, ಆದರೆ ಸರಿಯಾದ ರೀತಿ ಅದೇ.

ಬ್ರಷ್ ಒಳಹೋಗದ ಗುಳಿಗಳಲ್ಲಿ ಉಳಿದ ತುಕ್ಕಿಗೆ ಮಾತ್ರ ತುಕ್ಕು ಪರಿವರ್ತಿಸುವ ದ್ರಾವಣ ಬಳಿದೆವು. ಇವುಗಳಲ್ಲಿ ಕೆಲವು ಫಾಸ್ಫಾರಿಕ್ ಆಮ್ಲದವು, ಕೆಲವು ಟ್ಯಾನಿಕ್ ಆಮ್ಲದವು; ನಮ್ಮದು ಎರಡನೆಯ ಬಗೆ. ಬಳಿದ ಸ್ವಲ್ಪ ಹೊತ್ತಿನಲ್ಲಿ ಕೆಂಪು ಹೋಗಿ ನೀಲಿ ಮಿಶ್ರಿತ ಕಪ್ಪು ಬಂತು. ಎಳೆ ಅಡಿಕೆ ಸುಲಿಯುವಾಗ ಚೊಗರು ತಾಗಿ ಕತ್ತಿ ಕಪ್ಪಾಗುವುದೂ ಇದೇ ಕ್ರಿಯೆಯಿಂದ. ಆದರೆ ಇದರ ಕೈ ತೆಳುವಾದ ಪದರದ ಆಚೆಗೆ ಹೋಗುವುದಿಲ್ಲ. ಚಕ್ಕೆ ಏಳುವ ತುಕ್ಕಿನ ಮೇಲೆ ಇದನ್ನು ಬಳಿದರೆ ದುಡ್ಡು ದಂಡ. ಹೊಳೆಯುವ ಕಬ್ಬಿಣ ಕಂಡ ಜಾಗಗಳಿಗೆ ಪರಿವರ್ತಕ ಬೇಡವೇ ಬೇಡ, ಅಲ್ಲಿಗೆ ಜಿಂಕ್ ಫಾಸ್ಫೇಟ್ ಇರುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಪರಿವರ್ತಕದ ಮೇಲೆ ಎಲ್ಲ ಎಪಾಕ್ಸಿಯೂ ಹಿಡಿಯುವುದಿಲ್ಲವಾದ್ದರಿಂದ ಎರಡೂ ಡಬ್ಬಿಗಳ ಮೇಲಿನ ಸೂಚನೆಯನ್ನು ಕನ್ನಡಕ ಹಾಕಿಕೊಂಡು ಕೂತು ಓದಿದೆ. ಬೆಳಗಿನ ಇಬ್ಬನಿ ಆರಿ, ಕಬ್ಬಿಣ ಕೈಗೆ ಬೆಚ್ಚಗೆ ತಾಗುವ ಹೊತ್ತಿಗೇ ಬಣ್ಣದ ಕೆಲಸ ನಡೆಯಬೇಕೆಂದು ಮೊದಲೇ ಮಾತಾಗಿತ್ತು; ತಣ್ಣನೆಯ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ, ಅದರ ಮೇಲೆ ಬಿದ್ದ ಪ್ರೈಮರ್ ಮುಂದೆ ಎಂದಾದರೂ ಏಳುವುದೇ.

ಪ್ರೈಮರ್ ಒಣಗಿದ ಮೇಲೆ ತಗಡು ಕೂಡುವ ಅಂಚುಗಳಿಗೆ ಸೀಲರ್, ಅದರ ಮೇಲೆ ಚಾಸಿಗೆ ಕಪ್ಪು ಬಣ್ಣ. ರಬ್ಬರು ಕೋಟಿಂಗನ್ನು ಚಕ್ರದ ಮೇಲಿನ ಕಮಾನುಗಳಿಗೆ ಮಾತ್ರ ಹಾಕಿಸಿದೆ, ಏಕೆಂದರೆ ಜಲ್ಲಿಕಲ್ಲು ಸಿಡಿದು ಬಡಿಯುವುದು ಅಲ್ಲಿಗೆ. ಪೆಟ್ಟು ತಡೆಯುವ ಕೆಲಸಕ್ಕೆ ಅದು ಒಳ್ಳೆಯದೇ. ಉಳಿದ ಅಡಿಭಾಗಕ್ಕೆ ಮೇಣದ ಕೋಟಿಂಗ್. ಇದು ಪೂರ್ತಿ ಗಟ್ಟಿಯಾಗುವುದಿಲ್ಲ, ಗೀರು ಬಿದ್ದರೆ ಒಡೆದು ಏಳುವುದಿಲ್ಲ, ಒಳಗೆ ಏನಾಗುತ್ತಿದೆ ಎನ್ನುವುದನ್ನು ಮುಚ್ಚಿಡುವುದೂ ಇಲ್ಲ. ಚಾಸಿಯ, ಬಾಗಿಲುಗಳ ಟೊಳ್ಳಿಗೆ ಇನ್ನೂ ತೆಳುವಾದ, ಸಂದಿಗಳಿಗೆ ತಾನೇ ಹರಿದುಕೊಂಡು ಹೋಗುವ ಮೇಣವನ್ನು ಉದ್ದನೆಯ ನಳಿಗೆಯ ಮೂಲಕ, ಅದೇ ತೂತುಗಳಿಂದ ಒಳಕ್ಕೆ ಸಿಂಪಡಿಸಿದರು. ಬದಿಯ ಅಂಚಿನಿಂದ ಅದು ಹನಿಹನಿಯಾಗಿ ಹೊರಗೆ ಇಣುಕಿದಾಗ ಸಂದಿಯ ಉದ್ದಕ್ಕೂ ತಲುಪಿದೆಯೆಂದು ಅರ್ಥ. ಹನಿ ನಿಂತ ಮೇಲೆ ಕಡ್ಡಿಯಿಂದ ತೂತುಗಳನ್ನು ಮತ್ತೊಮ್ಮೆ ಬಿಡಿಸಿದೆವು. ಸೈಲೆನ್ಸರ್, ಬ್ರೇಕಿನ ಡ್ರಮ್ಮು ಮತ್ತು ಡಿಸ್ಕು, ಬ್ರೇಕಿನ ರಬ್ಬರು ಪೈಪು, ಪ್ರೊಪೆಲ್ಲರ್ ಶಾಫ್ಟು, ಗ್ರೀಸಿನ ನಿಪ್ಪಲ್ಲು, ಇವಕ್ಕೆಲ್ಲ ಮೊದಲೇ ಹಳೆಯ ಪೇಪರು ಸುತ್ತಿ ಟೇಪು ಹಾಕಿದ್ದರು. ಸುತ್ತುವುದಕ್ಕೆ ಸಿಂಪಡಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ವೆಲ್ಡಿಂಗ್ ಸೇರಿ ಒಟ್ಟು ಖರ್ಚು ಗಾಡಿಗೆ ಒಂದು ಸೆಟ್ ಹೊಸ ಟೈರು ಹಾಕಿಸಿದಷ್ಟಾಯಿತು.

ಹೊಸ ಗಾಡಿ ಕೊಂಡ ಅಳಿಯ ತನಗೂ ಹೀಗೆಲ್ಲ ಮಾಡಿಸಬೇಕೇ ಎಂದು ಕೇಳಿದ. ಹೊಸ ಗಾಡಿಗಳಲ್ಲಿ ಎಷ್ಟೋ ತಗಡುಗಳಿಗೆ ಸತುವಿನ ಲೇಪವಿರುತ್ತದೆ. ಕಬ್ಬಿಣದ ಬದಲು ಮೊದಲು ಸತುವೇ ಸವೆದು ಅದನ್ನು ಕಾಪಾಡುತ್ತದೆ. ಅದನ್ನು ಗ್ರೈಂಡರಿನಲ್ಲಿ ಉಜ್ಜಿಸಿದರೆ ಇದ್ದ ರಕ್ಷಣೆಯನ್ನೂ ಕಳೆದಂತೆ. ಅವನಿಗೆ ಟೊಳ್ಳುಗಳಿಗೆ ಮೇಣ, ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಅಡಿಭಾಗ ತೊಳೆಯುವುದು, ಇಷ್ಟೇ ಸಾಕೆಂದೆ.

ರೀಟೆಸ್ಟಿನ ದಿನ ಅಧಿಕಾರಿಗಳು ಲೈಟು, ಬ್ರೇಕು, ಹೊಗೆಯ ಸರ್ಟಿಫಿಕೇಟು ನೋಡಿದರು; ಬಗ್ಗಿ ಟಾರ್ಚು ಬಿಟ್ಟು ಅಡಿಯನ್ನೂ ನೋಡಿದರು. ಗಾಡಿ ಪಾಸಾಯಿತು.

ಮಳೆಗಾಲ ಕಳೆದ ಮೇಲೆ ಮತ್ತೆ ಲಿಫ್ಟಿಗೆ ಏರಿಸಿದೆವು. ಹೆದ್ದಾರಿಯ ಆರು ಪಥದ ಕಾಮಗಾರಿಯ ಕೆಸರಿನಲ್ಲಿ ಮಳೆಯುದ್ದಕ್ಕೂ ಓಡಿದ್ದರಿಂದ ಹಿಂಬದಿ ಚಕ್ರಗಳ ಹಿಂದೆ ಮೇಣ ಪೂರ್ತಿ ತೊಳೆದುಹೋಗಿತ್ತು, ಕೆಳಗಿನ ಬಣ್ಣ ಉಳಿದಿತ್ತು. ಇದು ನಿರೀಕ್ಷಿಸಿದ್ದೇ; ಮೇಣವನ್ನು ವರ್ಷಕ್ಕೊಮ್ಮೆ ಹಾಕಿಸಲೇಬೇಕು. ಹೊಸ ತಗಡು ಕೂಡಿದ ಅಂಚಿನಲ್ಲಿ ಒಂದು ಕಡೆ ತುಕ್ಕಿನ ಸಣ್ಣ ಗೆರೆ ಇಳಿದಿತ್ತು. ಇಚ್ಚ ಅಷ್ಟನ್ನೇ ಕೆರೆದು, ಪ್ರೈಮರ್ ಹಾಕಿ, ಸೀಲರ್ ಎಳೆದರು. ಟೊಳ್ಳಿನ ತೂತುಗಳಲ್ಲಿ ಎರಡು ಮಾತ್ರ ಮಣ್ಣು ಕಟ್ಟಿದ್ದವು. ಹಿಂಭಾಗಕ್ಕೆ ಈಗ ಅಂಚು ಎತ್ತರವಿರುವ ಪ್ಲಾಸ್ಟಿಕ್ ಟ್ರೇ ಬಂದಿದೆ, ಪೊಟ್ಯಾಷ್ ಅದರ ಮೇಲೆಯೇ ಕೂರಬೇಕು. ಮೈಲುತುತ್ತನ್ನು ಮಾತ್ರ ಗಾಡಿಗೆ ಹತ್ತಿಸುವುದಿಲ್ಲವೆಂದು ತಮ್ಮನಿಗೆ ಹೇಳಿದ್ದೇನೆ. ಅದು ಪೆರ್ಲ ಪೇಟೆಯಿಂದ ಆಟೋದಲ್ಲಿ ಬರುತ್ತದೆ, ಆ ಆಟೋದ ಅಡಿಭಾಗದ ಗತಿಯೇನೆಂದು ತಮ್ಮ ಕೇಳಿದಾಗ, ಅದನ್ನೂ ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟೇ ತರಿಸು ಎಂದೆ.